ನಾರ್ವಾಕ್ ವೈರಸು ಮತ್ತು ‘ಸಹಜ ನಿರೋಧ’: ಒಂದು ವಿಮರ್ಶೆ

ಸೂಕ್ಷ್ಮಜೀವಿವಿಜ್ಞಾನದ ಪಠ್ಯಗ್ರಂಥಗಳಲ್ಲಿ ಈಚೆಗೆ ಒಂದು ವಾಕ್ಯವು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ: ಮನುಷ್ಯರಲ್ಲಿ ಐದನೆಯ ಒಂದು ಪಾಲು ಜನರು ಹುಟ್ಟಿನಿಂದಲೇ ನಾರೋವೈರಸಿಗೆ ನಿರೋಧವುಳ್ಳವರು. ವಾಕ್ಯವು ಚಿಕ್ಕದು, ನೆನಪಿನಲ್ಲಿ ನಿಲ್ಲುವಂಥದು. ಆದಕಾರಣ ಪರೀಕ್ಷೆಯ ಉತ್ತರಪತ್ರಿಕೆಗಳಿಗೂ ಸುಲಭವಾಗಿ ಇಳಿದುಬಂದಿದೆ. ಹಾಗೆ ಬರೆದ ವಿದ್ಯಾರ್ಥಿಗೆ ನಾವು ಪೂರ್ಣಾಂಕವನ್ನೂ ಕೊಡುತ್ತ ಬಂದಿದ್ದೇವೆ. ಆದರೆ ಇದರ ಹಿಂದಿರುವ ಪ್ರಯೋಗಗಳನ್ನು ಒಂದೊಂದಾಗಿ ಓದಿ ನೋಡಿದರೆ, ‘ಐದನೆಯ ಒಂದು ಪಾಲು’, ‘ಹುಟ್ಟಿನಿಂದ’, ‘ನಾರೋವೈರಸು’, ‘ನಿರೋಧ’ ಎಂಬ ನಾಲ್ಕು ಮಾತುಗಳಲ್ಲಿ ಯಾವ ಷರತ್ತೂ ಇಲ್ಲದೆ ನಿಲ್ಲತಕ್ಕದ್ದು ಎರಡನೆಯದೊಂದೇ ಎಂದು ತೋರುತ್ತದೆ. ಆ ಪ್ರಯೋಗಗಳನ್ನು ಅಲ್ಲಗಳೆಯುವುದು ಪ್ರಕೃತ ಲೇಖನದ ಉದ್ದೇಶವಲ್ಲ. ಅವುಗಳಲ್ಲಿ ಕೆಲವು ಈ ಕಾಲದ ಅತ್ಯುತ್ತಮ ಪ್ರಯೋಗಗಳ ಸಾಲಿಗೆ ಸೇರತಕ್ಕವು. ಅವು ಹೇಳಿದ್ದೇನು, ಅವುಗಳಿಂದ ನಾವು ಹೇಳಿಸಿದ್ದೇನು ಎಂಬುದನ್ನು ಬೇರ್ಪಡಿಸುವುದಷ್ಟೇ ಇಲ್ಲಿಯ ಕೆಲಸ.

ಕಥೆಯು ಅಮೆರಿಕದ ಓಹಾಯೋ ಸಂಸ್ಥಾನದ ನಾರ್ವಾಕ್ ಎಂಬ ಸಣ್ಣ ಊರಿನಲ್ಲಿ ಮೊದಲಾಗುತ್ತದೆ. ೧೯೬೮ರ ಅಕ್ಟೋಬರ್ ತಿಂಗಳ ಕೊನೆಯಲ್ಲಿ ಅಲ್ಲಿಯ ಒಂದು ಪ್ರಾಥಮಿಕ ಶಾಲೆಯಲ್ಲಿ ವಾಂತಿ ಭೇದಿಗಳು ಒಮ್ಮೆಗೇ ಎದ್ದು, ಮಕ್ಕಳು ಮತ್ತು ಉಪಾಧ್ಯಾಯರಲ್ಲಿ ಅರ್ಧದಷ್ಟು ಮಂದಿ ಎರಡು ದಿನಗಳೊಳಗಾಗಿ ಹಾಸಿಗೆ ಹಿಡಿದರು. ಮನೆಯವರಲ್ಲಿ ಸುಮಾರು ಮೂರನೆಯ ಒಂದು ಪಾಲಿಗೆ ರೋಗ ತಗಲಿತು. ಉಳಿದವರಿಗೆ ತಗಲಲಿಲ್ಲ. ಈ ಉಳಿದವರ ಪ್ರಶ್ನೆಯನ್ನು ಆಗ ಯಾರೂ ದೊಡ್ಡದಾಗಿ ಎತ್ತಲಿಲ್ಲ. ಎತ್ತುವುದಕ್ಕೆ ವೈರಸೇ ಕಂಡಿರಲಿಲ್ಲ. ೧೯೭೨ರಲ್ಲಿ ಆಲ್ಬರ್ಟ್ ಕಪಿಕಿಯನ್ ಮತ್ತು ಅವರ ಸಹೋದ್ಯೋಗಿಗಳು ರೋಗಿಗಳ ಮಲದ ಸೋಸುದ್ರವಕ್ಕೆ ಪ್ರತಿಕಾಯಗಳನ್ನು ಬೆರೆಸಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ೨೭ ನ್ಯಾನೋಮೀಟರ್ ಗಾತ್ರದ ಕಣಗಳನ್ನು ಕಂಡರು. ಮನುಷ್ಯನ ಕರುಳುಬೇನೆಗೆ ಕಾರಣವಾಗುವ ವೈರಸೊಂದು ಹೀಗೆ ಮೊದಲ ಬಾರಿಗೆ ಕಣ್ಣಿಗೆ ಬಿದ್ದಿತು.

ಇದಾದ ಐದು ವರ್ಷಗಳ ತರುವಾಯ, ೧೯೭೭ರಲ್ಲಿ, ಪ್ಯಾರಿನೋ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಬಂಧವನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಮೂಲದಲ್ಲಿಯೇ ಓದುವುದೊಳಿತು. ಪ್ರಯೋಗವು ಸರಳ. ಸ್ವಇಚ್ಛೆಯಿಂದ ಮುಂದೆ ಬಂದ ೧೨ ಮಂದಿಗೆ ನಾರ್ವಾಕ್ ವೈರಸನ್ನು ಕುಡಿಸಿದರು. ಆರು ಮಂದಿಗೆ ರೋಗ ಬಂದಿತು, ಆರು ಮಂದಿಗೆ ಬರಲಿಲ್ಲ. ೨೭ರಿಂದ ೪೨ ತಿಂಗಳುಗಳು ಕಳೆದ ಮೇಲೆ ಅದೇ ೧೨ ಮಂದಿಗೆ ಅದೇ ವೈರಸನ್ನು ಮತ್ತೆ ಕುಡಿಸಲಾಗಿ, ಮೊದಲು ಕಾಯಿಲೆ ಬಿದ್ದ ಆರು ಮಂದಿಯೇ ಮತ್ತೆ ಬಿದ್ದರು. ಮೊದಲು ಉಳಿದವರೇ ಮತ್ತೆ ಉಳಿದರು. ಎರಡು ಬಾರಿ ಬಿದ್ದವರಲ್ಲಿ ನಾಲ್ವರಿಗೆ ೪ರಿಂದ ೮ ವಾರಗಳೊಳಗೆ ಮೂರನೆಯ ಬಾರಿ ಕೊಟ್ಟಾಗ ಒಬ್ಬನಿಗೆ ಮಾತ್ರ ರೋಗವಾಯಿತು. ಇಷ್ಟೇ ಆಗಿದ್ದರೆ ಇದೊಂದು ಕುತೂಹಲದ ಸಂಗತಿಯಾಗಿ ನಿಲ್ಲುತ್ತಿತ್ತು. ರಕ್ತದ ಪರೀಕ್ಷೆಯಿಂದ ಬಂದ ಫಲ ಮಾತ್ರ ಎಲ್ಲರನ್ನೂ ದಿಗ್ಭ್ರಮೆಗೊಳಿಸುವಂತಿತ್ತು: ಪ್ರತಿಕಾಯಗಳು ಹೇರಳವಾಗಿದ್ದದ್ದು ರೋಗಕ್ಕೆ ಈಡಾಗುವವರಲ್ಲಿ, ಅವು ಕಡಮೆಯಾಗಿದ್ದದ್ದು ರೋಗ ತಟ್ಟದವರಲ್ಲಿ.

ಜೆನ್ನರನ ಕಾಲದಿಂದ ನಂಬಿಕೊಂಡು ಬಂದ ತತ್ತ್ವವನ್ನು ಇದು ತಲೆಕೆಳಗು ಮಾಡಿದಂತೆ ಕಂಡಿತು. ಪ್ರತಿಕಾಯವು ರಕ್ಷಣೆಯ ಗುರುತಲ್ಲ, ಅಪಾಯದ ಗುರುತು ಎಂದು ಹೇಳುವ ಧೈರ್ಯ ಯಾರಿಗೆ ತಾನೆ ಇದ್ದೀತು? ಕೆಲವರು ಕರುಳಿನ ಪ್ರತಿಕಾಯಗಳು ರಕ್ತದ ಪ್ರತಿಕಾಯಗಳಿಂದ ಬೇರೆಯೆಂದರು. ಇನ್ನು ಕೆಲವರು ಈ ವೈರಸಿಗೆ ದೀರ್ಘಕಾಲದ ರಕ್ಷಣೆಯೇ ಹುಟ್ಟುವುದಿಲ್ಲವೆಂದರು. ಈ ಎರಡನೆಯ ಮಾತು ಬಹುಕಾಲ ಪಠ್ಯಗಳಲ್ಲಿ ಉಳಿಯಿತು. ಪ್ಯಾರಿನೋ ತಂಡದವರು ತಮ್ಮ ಮಟ್ಟಿಗೆ ಎಚ್ಚರದಿಂದಿದ್ದರು: ಅಲ್ಪಾವಧಿಯ ರಕ್ಷಣೆಯೊಂದು, ಅದಕ್ಕಿಂತ ಭಿನ್ನವಾದ ದೀರ್ಘಾವಧಿಯ ರಕ್ಷಣೆಯೊಂದು, ಹೀಗೆ ಎರಡು ಇರಬೇಕೆಂದೂ ಎರಡನೆಯದರ ಹಿಂದೆ ಆನುವಂಶಿಕ ಕಾರಣವಿರಬಹುದೆಂದೂ ಅವರು ಸೂಚಿಸಿದ್ದರು. ಸೂಚನೆಯನ್ನು ಪರೀಕ್ಷಿಸುವ ಸಾಧನಗಳು ಸಿದ್ಧವಾಗಲು ಮತ್ತೆ ಇಪ್ಪತ್ತೈದು ವರ್ಷ ಹಿಡಿಯಿತು.

ಇಂದು ಹಿಂದಿರುಗಿ ನೋಡಿದರೆ ದೋಷವು ಪ್ರಯೋಗದಲ್ಲಿರಲಿಲ್ಲ, ಎಣಿಕೆಯಲ್ಲಿತ್ತು. ಎರಡು ಜಾತಿಯ ಜನರನ್ನು ಒಂದೇ ಸಾಲಿನಲ್ಲಿ ಕೂರಿಸಿ ಸರಾಸರಿ ತೆಗೆಯಲಾಗಿತ್ತು. ಒಂದು ಮನೆಯ ಗೋಡೆಯ ಮೇಲೆ ಚೀಲ ತೂಗುತ್ತಿಲ್ಲವಾದರೆ ಅದಕ್ಕೆ ಎರಡು ಕಾರಣಗಳಿರಬಹುದು: ತೂಗುಹಾಕಲು ಬಂದವನನ್ನು ಮನೆಯವರು ತಡೆದಿರಬಹುದು, ಇಲ್ಲವೆ ಗೋಡೆಯಲ್ಲಿ ಗೂಟವೇ ಇಲ್ಲದಿರಬಹುದು. ಗೂಟವಿಲ್ಲದ ಮನೆಯಲ್ಲಿ ಕಾವಲುಗಾರನನ್ನು ಹುಡುಕಿ, ಅವನು ಕಾಣದಿದ್ದಾಗ ಕಾವಲಿನಿಂದ ಪ್ರಯೋಜನವಿಲ್ಲವೆಂದು ತೀರ್ಮಾನಿಸಿದಂತಾಗಿತ್ತು ಆ ಕಾಲದ ವಾದ.

ಆ ಗೂಟವು ಯಾವುದೆಂಬ ಅರಿವು ಬಂದದ್ದು ವೈರಸುಗಳ ಅಧ್ಯಯನದಿಂದಲ್ಲ, ರಕ್ತವರ್ಗಗಳ ಅಧ್ಯಯನದಿಂದ. ಲ್ಯಾಂಡ್‌ಸ್ಟೈನರನು ಈ ಶತಮಾನದ ಹಿಂದಿನ ಶತಮಾನದ ಆರಂಭದಲ್ಲಿ ಎ, ಬಿ, ಓ ವರ್ಗಗಳನ್ನು ಗುರುತಿಸಿದ್ದು ಎಲ್ಲರಿಗೂ ತಿಳಿದಿದೆ. ಅದೇ ದ್ರವ್ಯಗಳು ಕೆಲವರ ಲಾಲಾರಸದಲ್ಲಿಯೂ ಇರುತ್ತವೆ, ಕೆಲವರಲ್ಲಿ ಇರುವುದಿಲ್ಲ, ಈ ಭೇದವು ಮೆಂಡೆಲನ ನಿಯಮದಂತೆ ಸಂತತಿಗೆ ಇಳಿಯುತ್ತದೆ ಎಂಬುದನ್ನು ಷಿಫ್ ಮತ್ತು ಸಸಾಕಿ ೧೯೩೨ರಲ್ಲಿ ತೋರಿಸಿದರು. ಮೊದಲನೆಯವರನ್ನು ಸ್ರಾವಕರೆಂದೂ ಎರಡನೆಯವರನ್ನು ಅಸ್ರಾವಕರೆಂದೂ ಕರೆಯೋಣ. ಮಾರ್ಗನ್ ಮತ್ತು ವಾಟ್ಕಿನ್ಸ್ ಮೊದಲಾದವರ ರಸಾಯನಶಾಸ್ತ್ರದ ಶೋಧನೆಗಳಿಂದ ಈ ದ್ರವ್ಯಗಳು ಸಕ್ಕರೆಗಳ ಕವಲೊಡೆದ ಸರಪಳಿಗಳೆಂದು ಗೊತ್ತಾಯಿತು. ಸರಪಳಿಯ ತುದಿಯ ಗ್ಯಾಲಕ್ಟೋಸಿಗೆ ಫ್ಯೂಕೋಸೆಂಬ ಸಕ್ಕರೆಯನ್ನು ಒಂದು ಕಿಣ್ವವು ಸೇರಿಸಿದಾಗ ‘ಎಚ್’ ಎಂಬ ರಚನೆಯಾಗುತ್ತದೆ. ಎ ಮತ್ತು ಬಿ ರಚನೆಗಳು ಅದರ ಮೇಲೆ ಕಟ್ಟಿದವು. ಇಂಥ ಕಿಣ್ವಗಳು ಎರಡಿವೆ. ಕೆಂಪು ರಕ್ತಕಣಗಳಲ್ಲಿ ಕೆಲಸ ಮಾಡುವುದಕ್ಕೆ ಎಫ್.ಯು.ಟಿ. ೧ ಎಂಬ ಜೀನು ಆಧಾರ. ಕರುಳಿನ ಒಳಪದರ, ಲಾಲಾರಸ, ಎದೆಹಾಲುಗಳಲ್ಲಿ ಕೆಲಸ ಮಾಡುವುದಕ್ಕೆ ಎಫ್.ಯು.ಟಿ. ೨ ಆಧಾರ. ಎರಡನೆಯದು ಕೆಟ್ಟವನು ಅಸ್ರಾವಕ. ಅವನ ರಕ್ತವರ್ಗದಲ್ಲಿ ಯಾವ ಕೊರತೆಯೂ ಕಾಣುವುದಿಲ್ಲ, ಕೊರತೆಯಿರುವುದು ಕರುಳಿನಲ್ಲಿ. ಈ ಜೀನಿನ ೪೨೮ನೆಯ ಸ್ಥಾನದಲ್ಲಿ ಒಂದೇ ಅಕ್ಷರ ವ್ಯತ್ಯಾಸವಾಗಿ ಕಿಣ್ವದ ನಿರ್ಮಾಣ ನಡುವೆಯೇ ನಿಂತುಹೋಗುವುದು ಯೂರೋಪಿನ ಅಸ್ರಾವಕರ ಲಕ್ಷಣವೆಂದು ೧೯೯೫ರಲ್ಲಿ ತಿಳಿಯಿತು.

ನಾರೋವೈರಸಿನ ದೂರದ ನೆಂಟನಾದ ಮೊಲದ ರಕ್ತಸ್ರಾವರೋಗದ ವೈರಸು ಎಚ್ ರಚನೆಗೆ ಅಂಟಿಕೊಳ್ಳುವುದನ್ನು ಫ್ರಾನ್ಸಿನ ಝಾಕ್ ಲ ಪಾಂದ್ಯು ಅವರ ತಂಡವು ಮೊದಲೇ ಗಮನಿಸಿತ್ತು. ಮೊಲದಿಂದ ಮನುಷ್ಯನಿಗೆ ಹೆಜ್ಜೆಯಿಟ್ಟು ೨೦೦೨ರಲ್ಲಿ ಅವರು ನಾರ್ವಾಕ್ ವೈರಸಿನ ಪೊಳ್ಳು ಕವಚಗಳು ಸ್ರಾವಕರ ಜಠರ ಮತ್ತು ಕರುಳಿನ ಕೋಶಗಳಿಗೆ ಮಾತ್ರ ಅಂಟುವುದನ್ನು ತೋರಿಸಿದರು. ಮರುವರ್ಷವೇ ಲಿಂಡ್ಸ್‌ಮಿತ್, ಬಾರಿಕ್ ಮೊದಲಾದವರ ಪ್ರಸಿದ್ಧ ಪ್ರಬಂಧ ಬಂದಿತು. ೭೭ ಮಂದಿ ಸ್ವಯಂಸೇವಕರಲ್ಲಿ ೨೯ ಪ್ರತಿಶತ ಅಸ್ರಾವಕರು. ವೈರಸಿನ ಪ್ರಮಾಣವನ್ನು ಎಷ್ಟು ಏರಿಸಿದರೂ ಅವರಲ್ಲಿ ಒಬ್ಬನಿಗೂ ಸೋಂಕು ಹತ್ತಲಿಲ್ಲ.

‘ಒಬ್ಬನಿಗೂ ಇಲ್ಲ’ ಎಂಬ ಮಾತು ಜೀವವಿಜ್ಞಾನದಲ್ಲಿ ಅಪರೂಪ. ಪಠ್ಯಕರ್ತರು ಅದಕ್ಕೆ ಮಾರುಹೋದುದರಲ್ಲಿ ಆಶ್ಚರ್ಯವಿಲ್ಲ. ಆದರೆ ನಮ್ಮ ಅಭಿಪ್ರಾಯದಲ್ಲಿ ಆ ಪ್ರಬಂಧದ ನಿಜವಾದ ಬೆಲೆಯಿರುವುದು ಅದರ ಉತ್ತರಾರ್ಧದಲ್ಲಿ. ಅದನ್ನು ಉದ್ಧರಿಸುವವರು ಕಡಮೆ. ಅಸ್ರಾವಕರನ್ನು ಲೆಕ್ಕದಿಂದ ತೆಗೆದ ಬಳಿಕ ಉಳಿದ ಸ್ರಾವಕರಲ್ಲಿಯೂ ಒಂದು ಭಾಗಕ್ಕೆ ಸೋಂಕು ತಗಲಲಿಲ್ಲ. ಇವರಲ್ಲಿ ಲಾಲಾರಸದ ಪ್ರತಿಕಾಯಗಳು ಬೇಗನೆ ಎದ್ದುಬಂದದ್ದು ಕಂಡಿತು. ಅಂದರೆ ಗೂಟವಿರುವ ಮನೆಗಳಲ್ಲಿ ಕಾವಲುಗಾರರು ಇದ್ದೇ ಇದ್ದರು. ೧೯೭೭ರ ವಿರೋಧಾಭಾಸ ಇಲ್ಲಿ ಕರಗುತ್ತದೆ. ಮುಂದೆ ೨೦೧೦ರಲ್ಲಿ, ವೈರಸು ಸಕ್ಕರೆ ಸರಪಳಿಗೆ ಅಂಟುವುದನ್ನು ತಡೆಯುವ ಪ್ರತಿಕಾಯಗಳು ಅಧಿಕವಾಗಿರುವ ಸ್ರಾವಕರಿಗೆ ರೋಗ ಕಡಮೆಯೆಂಬುದೂ ಸಿದ್ಧವಾಯಿತು. ಪ್ರತಿಕಾಯದ ತತ್ತ್ವವು ಸುಳ್ಳಾಗಿರಲಿಲ್ಲ. ಯಾರಲ್ಲಿ, ಯಾವ ಪ್ರತಿಕಾಯವನ್ನು ಅಳೆಯಬೇಕೆಂಬುದು ತಿಳಿದಿರಲಿಲ್ಲ, ಅಷ್ಟೆ.

ಇನ್ನು ‘ನಾರೋವೈರಸು’ ಎಂಬ ಮಾತಿಗೆ ಬರೋಣ. ಈ ಹೆಸರಿನಡಿಯಲ್ಲಿ ಒಂದು ವೈರಸಿಲ್ಲ, ಒಂದು ದೊಡ್ಡ ಬಳಗವಿದೆ. ಆನುವಂಶಿಕ ರಚನೆಯನ್ನು ನೋಡಿ ಇವುಗಳನ್ನು ಗಣಗಳಾಗಿಯೂ ಗಣಗಳನ್ನು ಬಗೆಗಳಾಗಿಯೂ ವಿಂಗಡಿಸುತ್ತಾರೆ. ನಾರ್ವಾಕಿನ ಮೂಲವೈರಸು ಮೊದಲನೆಯ ಗಣದ ಮೊದಲನೆಯ ಬಗೆ; ಬರೆಹದ ಸೌಕರ್ಯಕ್ಕಾಗಿ ೧.೧ ಎನ್ನೋಣ. ೨೦೦೩ರ ಪ್ರಯೋಗ ನಡೆದದ್ದು ಈ ೧.೧ರ ಮೇಲೆ. ಆದರೆ ಲೋಕದಲ್ಲಿ ೧೯೯೦ರ ದಶಕದ ನಡುವಿನಿಂದ ಬಹುಪಾಲು ರೋಗವನ್ನು ಹರಡಿದ್ದು ೨.೪, ಅದು ೨೦೦೨, ೨೦೦೪, ೨೦೦೬, ೨೦೦೯, ೨೦೧೨ ಎಂಬಂತೆ ಕೆಲಕೆಲವು ವರ್ಷಗಳಿಗೊಮ್ಮೆ ಹೊಸ ರೂಪದಲ್ಲಿ ಎದ್ದುಬಂದಿದೆ. ೧.೧ರಲ್ಲಿ ಕಂಡ ನಿಯಮ ಎಲ್ಲಕ್ಕೂ ಅನ್ವಯಿಸುವುದೋ?

ಸ್ನೋ ಮೌಂಟನ್ ವೈರಸು ೨.೨. ೧೯೭೬ರಲ್ಲಿ ಕೊಲೊರಾಡೋ ಸಂಸ್ಥಾನದ ಒಂದು ವಿಹಾರಸ್ಥಳದಲ್ಲಿ ಸಿಕ್ಕಿದ್ದು. ೨೦೦೫ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇದನ್ನು ೧೫ ಮಂದಿಗೆ ಕುಡಿಸಲಾಗಿ ೯ ಮಂದಿಗೆ ಸೋಂಕು ತಗಲಿತು. ಸ್ರಾವಕತ್ವಕ್ಕೂ ಸೋಂಕಿಗೂ ಸಂಬಂಧ ಕಾಣಲಿಲ್ಲ. ಪ್ರಬಂಧವನ್ನು ಬರೆದವರು ಬೇರೆ ಯಾರೂ ಅಲ್ಲ, ೨೦೦೩ರ ಲಿಂಡ್ಸ್‌ಮಿತ್ ಮತ್ತು ಬಾರಿಕ್ ಅವರ ತಂಡದವರೇ. ತಮ್ಮ ಕೀರ್ತಿಗೆ ಕಾರಣವಾದ ನಿಯಮದ ಎಲ್ಲೆಯನ್ನು ಎರಡೇ ವರ್ಷಗಳಲ್ಲಿ ತಾವೇ ಗುರುತಿಸಿದ ಈ ನಡತೆ ಮೆಚ್ಚತಕ್ಕದ್ದು. ಮೊದಲನೆಯ ಪ್ರಬಂಧವನ್ನು ಹೊಗಳುವವರು ಎರಡನೆಯದನ್ನು ಓದದಿರುವುದು ಅಷ್ಟೇ ವಿಷಾದಕರ. ಸ್ವೀಡನ್ನಿನಲ್ಲಿ ೧.೩ ಬಗೆಯಿಂದ ಆಹಾರದ ಮೂಲಕ ಹರಡಿದ ಒಂದು ಪ್ರಕರಣದಲ್ಲಿಯೂ ಸ್ರಾವಕರು, ಅಸ್ರಾವಕರು ಎಂಬ ಭೇದವಿಲ್ಲದೆ ಜನರು ಕಾಯಿಲೆ ಬಿದ್ದರೆಂದು ೨೦೧೦ರಲ್ಲಿ ವರದಿಯಾಯಿತು.

೨.೪ರ ವಿಷಯವು ಇವೆರಡರ ನಡುವಣದು. ೨೦೦೫ರಲ್ಲಿ ಸ್ವೀಡನ್ನಿನ ಥಾರ್ವೆನ್ ಮುಂತಾದವರು ಎರಡನೆಯ ಗಣದ ವೈರಸಿನಿಂದ ಕಾಯಿಲೆ ಬಿದ್ದ ೫೩ ಮಂದಿಯನ್ನು ಪರೀಕ್ಷಿಸಲು ಎಲ್ಲರೂ ಸ್ರಾವಕರೇ ಆಗಿದ್ದರು. ಇಲ್ಲಿಗೆ ನಿಯಮ ಗಟ್ಟಿಯಾಯಿತೆಂದು ಎಣಿಸುವಷ್ಟರಲ್ಲಿ, ೨೦೦೯ರಲ್ಲಿ ಸ್ಪೇನಿನಿಂದ ೨.೪ರಿಂದ ಪೀಡಿತನಾದ ಅಸ್ರಾವಕನೊಬ್ಬನ ವರದಿ ಬಂದಿತು. ೨೦೧೨ರ ಫ್ರೆಂಕ್ ಮುಂತಾದವರ ಪ್ರಯೋಗವು ಲೆಕ್ಕವನ್ನು ಇನ್ನಷ್ಟು ಸ್ಪಷ್ಟಪಡಿಸಿತು: ೨.೪ನ್ನು ಕುಡಿದ ೨೩ ಸ್ರಾವಕರಲ್ಲಿ ೧೬ ಮಂದಿಗೆ ಸೋಂಕು, ೧೭ ಅಸ್ರಾವಕರಲ್ಲಿ ಒಬ್ಬನಿಗೆ. ಇದು ಬಲವಾದ ರಕ್ಷಣೆಯೇ ಸರಿ. ‘ಒಬ್ಬನಿಗೂ ಇಲ್ಲ’ ಎಂಬುದಲ್ಲ.

ಜನರನ್ನು ಎಣಿಸುವುದರಿಂದ ಸಂಬಂಧ ತಿಳಿಯುತ್ತದೆಯೇ ಹೊರತು ಕಾರಣವು ತಿಳಿಯದೆಂದು ಆಕ್ಷೇಪಿಸುವವರಿಗೆ ಉತ್ತರ ಪ್ರಯೋಗಶಾಲೆಯಿಂದ ದೊರಕಿದೆ. ೨೦೧೬ರಲ್ಲಿ ಎತ್ತಾಯೆಬಿ, ಎಸ್ಟಿಸ್ ಮೊದಲಾದವರು ಮನುಷ್ಯನ ಕರುಳಿನ ಮೂಲಕೋಶಗಳಿಂದ ಬೆಳೆಸಿದ ಕಿರುಕರುಳುಗಳಲ್ಲಿ ಈ ವೈರಸನ್ನು ವೃದ್ಧಿಪಡಿಸಿದರು. ನಲವತ್ತು ವರ್ಷಗಳಿಗೂ ಮೇಲ್ಪಟ್ಟು ಯಾರಿಗೂ ಸಾಧ್ಯವಾಗದಿದ್ದ ಕೆಲಸವದು. ೨೦೨೦ರಲ್ಲಿ ಸ್ರಾವಕನ ಕಿರುಕರುಳಿನಿಂದ ಎಫ್.ಯು.ಟಿ. ೨ ಜೀನನ್ನು ತೆಗೆದುಹಾಕಿದಾಗ, ಆ ಜೀನನ್ನವಲಂಬಿಸುವ ವೈರಸುಗಳು ಅಲ್ಲಿ ಬೆಳೆಯಲಿಲ್ಲ. ಅಸ್ರಾವಕನ ಕಿರುಕರುಳಿಗೆ ಅದನ್ನು ಸೇರಿಸಿದಾಗ ಬೆಳೆದವು. ಕಾರಣವನ್ನು ತೋರಿಸುವುದಕ್ಕೆ ಇದಕ್ಕಿಂತ ನೇರವಾದ ಮಾರ್ಗವಿಲ್ಲ. ಆದರೆ ಇಲ್ಲಿಯೂ ‘ಆ ಜೀನನ್ನವಲಂಬಿಸುವ’ ಎಂಬ ವಿಶೇಷಣವನ್ನು ಬಿಡುವಂತಿಲ್ಲ. ಸಕ್ಕರೆಯನ್ನು ಹಿಡಿಯುವ ಹೊರಚಾಚು ಬಗೆಯಿಂದ ಬಗೆಗೆ ಬದಲಾಗುತ್ತದೆ. ಅಸ್ರಾವಕರಲ್ಲಿಯೂ ಇರುವ ಬೇರೆ ಸಕ್ಕರೆಗಳನ್ನು ಹಿಡಿಯಬಲ್ಲ ಬಗೆಗಳೂ ಇವೆ. ಹಾಗಾಗಿ ನಿರೋಧವೆಂಬುದು ಒಬ್ಬ ವ್ಯಕ್ತಿಯ ಗುಣವೆಂದು ಹೇಳುವುದೇ ಸರಿಯಲ್ಲ. ಅದು ಇಂಥ ವ್ಯಕ್ತಿಗೂ ಇಂಥ ಬಗೆಗೂ ನಡುವಣ ಸಂಬಂಧದ ಹೆಸರು.

‘ಐದನೆಯ ಒಂದು ಪಾಲು’ ಎಂಬ ಅಂಕಿಯು ನಮ್ಮ ದೇಶದವರಿಗೆ ಹೆಚ್ಚು ಸಂಬಂಧಪಟ್ಟದ್ದು. ಈ ಅಂಕಿ ಮೂಲತಃ ಯೂರೋಪಿನ ಜನರದು; ಅಲ್ಲಿ ೪೨೮ನೆಯ ಸ್ಥಾನವೊಂದನ್ನು ನೋಡಿದರೆ ಅಸ್ರಾವಕರನ್ನು ಗುರುತಿಸುವ ಕೆಲಸ ಬಹುಮಟ್ಟಿಗೆ ಮುಗಿಯುತ್ತದೆ. ಜಪಾನ್, ಚೀಣಗಳಲ್ಲಿ ಸಾಮಾನ್ಯವಾಗಿರುವುದು ೩೮೫ನೆಯ ಸ್ಥಾನದ ವ್ಯತ್ಯಾಸ. ಅದು ಕಿಣ್ವವನ್ನು ಕೊಲ್ಲುವುದಿಲ್ಲ, ದುರ್ಬಲಗೊಳಿಸುತ್ತದೆ. ಆ ಜನರನ್ನು ಸ್ರಾವಕರೆನ್ನಬೇಕೋ ಅಸ್ರಾವಕರೆನ್ನಬೇಕೋ ಎಂಬುದೇ ಚರ್ಚೆ. ಬಾಂಗ್ಲಾದೇಶದಲ್ಲಿ ೩೦೨ನೆಯ ಸ್ಥಾನದ ದೋಷವೂ ಇಡೀ ಜೀನೇ ಕಳೆದುಹೋಗಿರುವ ಒಂದು ರೂಪವೂ ವರದಿಯಾಗಿವೆ. ೪೨೮ನ್ನು ಮಾತ್ರ ಪರೀಕ್ಷಿಸುವ ಸಂಶೋಧಕನ ಪುಸ್ತಕದಲ್ಲಿ ೩೦೨ರ ದೋಷವುಳ್ಳವನು ಸ್ರಾವಕನೆಂದೇ ದಾಖಲಾಗುತ್ತಾನೆ. ಮುಂದೆ ಅವನಿಗೆ ಸೋಂಕು ತಗಲದಿದ್ದರೆ ಅದು ಪ್ರತಿಕಾಯದ ಪುಣ್ಯಕ್ಕೆ ಸೇರುತ್ತದೆ. ೧೯೭೭ರ ತಪ್ಪೆಣಿಕೆಯೇ ಹೊಸ ಉಡುಪಿನಲ್ಲಿ ಮರಳಿದಂತಾಗುವುದಿಲ್ಲವೆ?

ಜೀನೇ ಕಳೆದುಹೋದ ಈ ರೂಪದ ಅತಿ ಪ್ರಸಿದ್ಧ ಉದಾಹರಣೆ ನಮ್ಮ ನೆರೆಯಲ್ಲಿಯೇ ಇದೆ. ೧೯೫೨ರಲ್ಲಿ ಮುಂಬಯಿಯ ಭೇಂಡೆ ಮತ್ತು ಸಹೋದ್ಯೋಗಿಗಳು ಕೆಂಪು ಕಣಗಳಲ್ಲಿ ಎಚ್ ರಚನೆಯೇ ಇಲ್ಲದ ಹೊಸ ರಕ್ತವರ್ಗವೊಂದನ್ನು ಲೋಕಕ್ಕೆ ತಿಳಿಸಿದರು. ಅದಕ್ಕೆ ‘ಬಾಂಬೆ’ ವರ್ಗವೆಂದೇ ಹೆಸರಾಯಿತು. ಭಾರತದಲ್ಲಿ ಸುಮಾರು ೧೦,೦೦೦ ಮಂದಿಗೆ ಒಬ್ಬರೆಂದು ಲೆಕ್ಕ. ಮಹಾರಾಷ್ಟ್ರದಲ್ಲಿ ಹೆಚ್ಚು, ಕರ್ನಾಟಕದಲ್ಲಿಯೂ ಇದ್ದಾರೆ. ಇವರಿಗೆ ತಮ್ಮ ವರ್ಗದವರದೇ ರಕ್ತವಾಗಬೇಕಾದುದರಿಂದ ರಕ್ತನಿಧಿಗಳವರು ಇವರನ್ನು ಬಲ್ಲರು. ೧೯೯೭ರಲ್ಲಿ ಕೋಡಾ ಮುಂತಾದವರು ಇದರ ಆನುವಂಶಿಕ ಕಾರಣವನ್ನು ಬಿಡಿಸಿದರು: ಎಫ್.ಯು.ಟಿ. ೧ರ ೭೨೫ನೆಯ ಸ್ಥಾನದಲ್ಲಿ ವ್ಯತ್ಯಾಸ, ಪಕ್ಕದ ಎಫ್.ಯು.ಟಿ. ೨ ಪೂರ್ತಿಯಾಗಿ ಲೋಪ. ಇದಕ್ಕೆ ಪ್ರತಿಯಾಗಿ ‘ಪ್ಯಾರಾ-ಬಾಂಬೆ’ ಎಂಬ ಇನ್ನೊಂದು ವರ್ಗವುಂಟು. ಅವರಲ್ಲಿ ಕೆಂಪು ಕಣದ ಜೀನು ಕೆಟ್ಟಿದ್ದರೂ ಕರುಳಿನ ಜೀನು ಕ್ಷೇಮವಾಗಿರಬಹುದು. ಸಾಮಾನ್ಯ ರಕ್ತಪರೀಕ್ಷೆಯಲ್ಲಿ ಇವರಿಬ್ಬರೂ ಓ ವರ್ಗದವರಂತೆ ತೋರುತ್ತಾರೆ. ಕರುಳಿನಲ್ಲಿಯೋ ಒಬ್ಬನಿಗೆ ಗೂಟವಿಲ್ಲ, ಇನ್ನೊಬ್ಬನಿಗೆ ಇದೆ. ಓ ವರ್ಗದವರಿಗೆ ನಾರ್ವಾಕ್ ಸೋಂಕು ಹೆಚ್ಚು, ಬಿ ವರ್ಗದವರಿಗೆ ಕಡಮೆ ಎಂಬ ೨೦೦೨ರ ಫಲವನ್ನು ಎಲ್ಲ ಬಗೆಗಳಿಗೂ ಹಿಗ್ಗಿಸಿ, ತೋಳಿನ ರಕ್ತದಿಂದ ಕರುಳಿನ ಭವಿಷ್ಯ ಹೇಳುವವರು ಈ ಉದಾಹರಣೆಯನ್ನು ಮನನಮಾಡಬೇಕು.

ಇದು ಬರಿಯ ಪಾಂಡಿತ್ಯದ ಜಗಳವಲ್ಲ. ನಾರೋವೈರಸಿನಿಂದ ವರ್ಷಕ್ಕೆ ಸುಮಾರು ೨ ಲಕ್ಷ ಮರಣಗಳಾಗುವುವೆಂದು ಅಂದಾಜು; ಅವು ಬಹುಪಾಲು ಬಡದೇಶಗಳಲ್ಲಿ. ಲಸಿಕೆಯ ಪ್ರಯತ್ನಗಳು ನಡೆಯುತ್ತಿವೆ. ೨೦೧೧ರಲ್ಲಿ ಪ್ರಕಟವಾದ ಆಟ್ಮರ್ ಮುಂತಾದವರ ಪ್ರಯೋಗದಲ್ಲಿ ಮೂಗಿನ ಮೂಲಕ ಕೊಟ್ಟ ಲಸಿಕೆಯಿಂದ ರೋಗವು ೬೯ ಪ್ರತಿಶತದಿಂದ ೩೭ಕ್ಕೆ ಇಳಿಯಿತು. ಇಲ್ಲಿ ಸ್ರಾವಕರನ್ನು ಮಾತ್ರ ಆರಿಸಿಕೊಂಡಿದ್ದರು; ೧.೧ನ್ನು ಕುಡಿಸತಕ್ಕ ಪ್ರಯೋಗಕ್ಕೆ ಅದು ನ್ಯಾಯವಾದ ಕ್ರಮವೇ. ಆದರೆ ಆ ಅಂಕಿಯನ್ನು ಎಲ್ಲ ಜನರ, ಎಲ್ಲ ಬಗೆಗಳ ಅಂಕಿಯೆಂದು ಎತ್ತಿಕೊಳ್ಳುವುದು ನ್ಯಾಯವಲ್ಲ. ಊರಿನಲ್ಲಿ ಲಸಿಕೆ ಹಾಕುವಾಗ ಅಸ್ರಾವಕರನ್ನು ಬೇರ್ಪಡಿಸಿರುವುದಿಲ್ಲ. ಸ್ವೀಡನ್ನಿನ ೨೦೦೬ರ ಅಧ್ಯಯನವೊಂದರಲ್ಲಿ ಎರಡನೆಯ ಗಣದ ವಿರುದ್ಧದ ಪ್ರತಿಕಾಯಗಳು ಅಸ್ರಾವಕರಲ್ಲಿ ಕಡಮೆಯಿದ್ದುವು. ಇಲ್ಲವೇ ಇಲ್ಲ ಎಂಬಂತಿರಲಿಲ್ಲ. ಅಂಥವರ ರಕ್ತವನ್ನು ನೋಡಿ ‘ರಕ್ಷಣೆಯಿಲ್ಲದವರು’ ಎಂದರೂ ತಪ್ಪು, ಅವರ ಜೀನನ್ನು ನೋಡಿ ‘ರಕ್ಷಣೆ ಬೇಡದವರು’ ಎಂದರೂ ತಪ್ಪು. ರಕ್ಷಣೆಯ ಅವಧಿಯ ವಿಷಯವೂ ಹೀಗೆಯೇ: ಹಳೆಯ ಪ್ರಯೋಗಗಳಿಂದ ಆರು ತಿಂಗಳಿಂದ ಎರಡು ವರ್ಷವೆಂದು ತಿಳಿಯಲಾಗಿತ್ತು, ೨೦೧೩ರಲ್ಲಿ ಸಮುದಾಯದ ಅಂಕಿಗಳಿಂದ ಗಣಿಸಿದಾಗ ೪.೧ರಿಂದ ೮.೭ ವರ್ಷವೆಂದು ಬಂದಿತು.

ನಮ್ಮ ಭಾಷೆಯಲ್ಲಿ ಪಾಠ ಹೇಳುವವರಿಗೆ ಇಲ್ಲೊಂದು ತೊಡಕಿದೆ. ಕಾಯಿಲೆಯಿಂದಲೋ ಲಸಿಕೆಯಿಂದಲೋ ಗಳಿಸಿದ ರಕ್ಷಣೆಗೂ, ವೈರಸಿಗೆ ಅಂಟಲು ಆಸರೆಯಿಲ್ಲದ ಸ್ಥಿತಿಗೂ ‘ನಿರೋಧ’ ಎಂಬ ಒಂದೇ ಪದವನ್ನು ಬಳಸುತ್ತಿದ್ದೇವೆ. ನಿರೋಧಿಸುವುದಕ್ಕೆ ಎದುರಿಸುವವನೊಬ್ಬನು ಬೇಕು. ಅಸ್ರಾವಕನ ಕರುಳು ಯಾರನ್ನೂ ಎದುರಿಸುತ್ತಿಲ್ಲ. ಮೊದಲನೆಯದಕ್ಕೆ ‘ನಿರೋಧ’ವನ್ನೇ ಉಳಿಸಿಕೊಂಡು ಎರಡನೆಯದನ್ನು ‘ಒಗ್ಗದಿರುವಿಕೆ’ ಎಂದು ಕರೆಯಬಹುದು. ನೀರು ಒಗ್ಗಲಿಲ್ಲ, ಊರು ಒಗ್ಗಲಿಲ್ಲ ಎನ್ನುವಾಗ ಯಾರಿಗೆ ಯಾವುದು ಎಂಬ ಎರಡು ಕಡೆಗಳೂ ಆ ಮಾತಿನಲ್ಲಿಯೇ ಅಡಗಿರುತ್ತವೆ. ೧.೧ ಬಗೆಗೆ ಅಸ್ರಾವಕನ ಕರುಳು ಒಗ್ಗದು, ೨.೨ಕ್ಕೆ ಒಗ್ಗೀತು ಎಂದರೆ ಯಾವ ವಿದ್ಯಾರ್ಥಿಯೂ ತಪ್ಪು ತಿಳಿಯಲಾರ. ಇದಕ್ಕಿಂತ ಒಳ್ಳೆಯ ಪದವನ್ನು ಯಾರಾದರೂ ಸೂಚಿಸಿದರೆ ನಮ್ಮದನ್ನು ಬಿಡಲು ಅಡ್ಡಿಯಿಲ್ಲ.

ಕಾಲೇಜುಗಳ ಪ್ರಯೋಗಶಾಲೆಯಲ್ಲಿ ಎ, ಬಿ, ಓ ವರ್ಗಗಳ ಪರೀಕ್ಷೆಯನ್ನು ಪ್ರತಿವರ್ಷವೂ ಮಾಡಿಸುತ್ತೇವೆ. ಸ್ರಾವಕತ್ವದ ಪರೀಕ್ಷೆಯನ್ನು ಮಾಡಿಸುವವರು ವಿರಳ. ಅದಕ್ಕೆ ಬೇಕಾದದ್ದು ಸ್ವಲ್ಪವೇ. ವಿದ್ಯಾರ್ಥಿಯ ಲಾಲಾರಸವನ್ನು ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಇಟ್ಟು ಅದರಲ್ಲಿಯ ಕಿಣ್ವಗಳನ್ನು ಅಡಗಿಸಬೇಕು; ಇಲ್ಲವಾದರೆ ಅವು ನಾವು ಹುಡುಕುವ ದ್ರವ್ಯವನ್ನೇ ತಿಂದುಹಾಕುತ್ತವೆ. ಬಳಿಕ ಯೂಲೆಕ್ಸ್ ಗಿಡದ ಬೀಜದಿಂದ ತೆಗೆದ, ಎಚ್ ರಚನೆಯನ್ನು ಗುರುತಿಸುವ ಲೆಕ್ಟಿನ್ನಿನೊಡನೆ ಅದನ್ನು ಬೆರೆಸಿ, ಓ ವರ್ಗದ ಕಣಗಳನ್ನು ಸೇರಿಸಬೇಕು. ಕಣಗಳು ಗುಂಪುಗೂಡದಿದ್ದರೆ ಸ್ರಾವಕ, ಗುಂಪುಗೂಡಿದರೆ ಅಸ್ರಾವಕ. ೪೨೮, ೩೮೫, ೩೦೨ ಯಾವ ಸ್ಥಾನ ಕೆಟ್ಟಿದ್ದರೂ, ಜೀನೇ ಇಲ್ಲದಿದ್ದರೂ, ಈ ಗಾಜಿನ ಕೊಳವೆ ನೋಡುವುದು ಕಿಣ್ವದ ಕೆ‌ಲಸವನ್ನೇ. ಗುಂಪುಗೂಡಿಯೂ ಗೂಡದಂತಿರುವ ಕೊಳವೆಗಳು ಕೆಲವು ಸಿಕ್ಕಾವು. ಅವನ್ನು ಚೆಲ್ಲದೆ ಬೇರೆಯಾಗಿ ಬರೆದಿಡಬೇಕು.